ಅಕ್ಕ ತಮ್ಮಂದಿರ ಕುಣಿತದ ತಟ್ಟೆ

ಕಲ್ಯಾಣಪುರದ ಮದುವೆಗೆ ಹೋಗಿಬಂದವರಿಗೆ ಅಲ್ಲಿಯ ವಾದ್ಯದ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಿಂದ ಬಡಗಣಕ್ಕೆ, ಸುವರ್ಣಾ ನದಿಯ ದಡದಲ್ಲಿರುವ ಈ ಹಳೆಯ ಊರು ಕುಣಿತವನ್ನು ಅಪರಾಧವೆಂದು ಎಣಿಸಿದ ಊರಲ್ಲ. 1678ರಷ್ಟು ಹಿಂದಿನ ಮಿಲಾಗ್ರಿಸ್ ಇಗರ್ಜಿಯ ಸುತ್ತ ನೆಲೆಸಿದ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಮದುವೆಯ ಮುನ್ನಾದಿನ ವಧುವಿಗೆ ತೆಂಗಿನಹಾಲೆರೆಯುವ ರೋಸ್ ಶಾಸ್ತ್ರ ನಡೆಯುತ್ತದೆ. ಮರುದಿನ ಸತ್ಕಾರಕೂಟದಲ್ಲಿ ಹಿತ್ತಾಳೆಯ ಕಹಳೆಗಳು ಬಾಯ್ಲಾ ನುಡಿಸಿದೊಡನೆ ಎಂಬತ್ತರ ಅಜ್ಜಿಯೂ ಎದ್ದು ನಾಲ್ಕು ಹೆಜ್ಜೆ ಹಾಕದೆ ಕೂರುವುದಿಲ್ಲ. ಅಂತಹ ಕೂಟಗಳಲ್ಲಿ ಬಾಯ್ಲಾಗಳ ನಡುವೆ ಇನ್ನೊಂದು ರಾಗ ನುಸುಳುವುದುಂಟು. ಅದು ಕೊಂಕಣಿಯದಲ್ಲ, ತುಳುವಿನದಲ್ಲ, ಕನ್ನಡದ್ದೂ ಅಲ್ಲ. ಆದರೂ ಅದರ ಮೊದಲ ಗುದ್ದು ಬೀಳುತ್ತಲೇ ನಲವತ್ತು ದಾಟಿದವರ ಮುಖದಲ್ಲಿ ಒಂದು ಹಳೆಯ ಬೆಳಕು ಮೂಡುತ್ತದೆ.

ಅದು ಯಾರ ಹಾಡು ಎಂದು ಅಲ್ಲಿ ವಿಚಾರಿಸಿದರೆ ದೊರೆಯುವ ಉತ್ತರಗಳು ಸ್ವಾರಸ್ಯಕರವಾದವು. ಎಳೆಯರು 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಹಿಂದೀ ಚಿತ್ರದ ಹೆಸರು ಹೇಳಿಯಾರು. ಅವರ ತಾಯಂದಿರು ನಸುನಕ್ಕು "ಅದು ನಾಜಿಯಾ ಹಸನಳದು, 'ಡಿಸ್ಕೋ ದೀವಾನೆ', ಹಳೆಯ ಕ್ಯಾಸೆಟ್ಟು" ಎಂದಾರು. ಎರಡೂ ತಪ್ಪಲ್ಲ. ಆದರೆ ಆ ರಾಗದ ಬೇರು ಬೆಂಗಳೂರಿನಲ್ಲಿದೆಯೆಂದು ಹೇಳುವವರು ಎರಡೂ ಪಂಕ್ತಿಗಳಲ್ಲಿ ಅಪರೂಪ. ಊರಿನವನೊಬ್ಬ ಜಗತ್ತನ್ನು ಕುಣಿಸಿದರೆ ಊರಿಗೆ ಆ ಸುದ್ದಿ ಕೊನೆಗೆ ತಲುಪುವುದೆಂಬುದು ಹೊಸ ಮಾತೇನಲ್ಲ.

ಆ ಊರಿನವನ ಹೆಸರು ಬಿದ್ದು ಅಪ್ಪಯ್ಯ. ಕೊಡವ ಮನೆತನದವನು, ಹುಟ್ಟಿದ್ದು ಬೆಂಗಳೂರಿನಲ್ಲಿ, ಕಳೆದ ಶತಮಾನದ ನಲವತ್ತರ ದಶಕದ ನಡುವೆ. ಬಾಲ್ಯದಲ್ಲಿ ಆತನ ಕಿವಿಗೆ ಬಿದ್ದ ವಿದ್ಯೆ ಸಿಲೋನ್ ರೇಡಿಯೋದ ಪಾಶ್ಚಾತ್ಯ ಗೀತೆಗಳದು. ಅದೇ ನಿಲಯದ ಇನ್ನೊಂದು ಹೊತ್ತಿನ ಹಿಂದೀ ಪ್ರಸಾರಕ್ಕಾಗಿ ನಾಡಿನ ಸಹಸ್ರಾರು ಮನೆಗಳು ಕಿವಿಗೊಟ್ಟು ಕುಳಿತಿದ್ದ ಕಾಲ ಅದು. ಅರವತ್ತರ ದಶಕದಲ್ಲಿ ಬಿದ್ದು ಗೆಳೆಯರನ್ನು ಕೂಡಿಕೊಂಡು 'ಟ್ರೋಜನ್ಸ್' ಎಂಬ ತಂಡವನ್ನು ಕಟ್ಟಿದ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಮೊದಲಾದವರ ಹಾಡುಗಳನ್ನು ಬೆಂಗಳೂರು, ಕಲ್ಕತ್ತ, ಮುಂಬಯಿಗಳ ಉಪಾಹಾರಗೃಹಗಳಲ್ಲಿ ಹಾಡಿ ಹೆಸರು ಪಡೆಯಿತು ಆ ತಂಡ. ಆದರೆ ಮತ್ತೊಬ್ಬರ ಹಾಡನ್ನು ಎಷ್ಟು ಚೆನ್ನಾಗಿ ಹಾಡಿದರೂ ಅದು ಮತ್ತೊಬ್ಬರದೇ. ಗೆಳೆಯರು ಚದುರಿದರು, ಬಿದ್ದು ಒಬ್ಬನೇ ಗಿಟಾರು ಹಿಡಿದು ಕೆಲಕಾಲ ಹಾಡಿಕೊಂಡಿದ್ದು, 1967ರಲ್ಲಿ ಪಶ್ಚಿಮಕ್ಕೆ ಹೊರಟುಬಿಟ್ಟ. ಅರಬರ ನಾಡುಗಳನ್ನು ಹಾದು, ಸಿಕ್ಕ ವಾಹನ ಹತ್ತಿ, ಸಿಕ್ಕಲ್ಲಿ ಹಾಡಿ ಕಾಸು ಗಳಿಸುತ್ತ ಲಂಡನ್ನು ಸೇರಿದ.

ಲಂಡನ್ನಿನಲ್ಲಿ ಯಾರೂ ಹೂಮಾಲೆ ಹಿಡಿದು ಕಾದಿರಲಿಲ್ಲ. ಡೋನಟ್ಟು ಮಾಡುವ ಕೆಲಸ, ಅಮೆರಿಕದ ರಾಯಭಾರ ಕಚೇರಿಯ ಅಡುಗೆಮನೆಯ ಕೆಲಸ—ಇವುಗಳಲ್ಲಿ ಉಳಿಸಿದ ಹಣವನ್ನು ಧ್ವನಿಮುದ್ರಣಕ್ಕೆ ಸುರಿಯುತ್ತಿದ್ದ. 1974ರಲ್ಲಿ ಕಾರ್ಲ್ ಡಗ್ಲಾಸ್ ಎಂಬ ಜಮೈಕಾ ಮೂಲದ ಗಾಯಕನಿಂದ ಒಂದು ಹಾಡನ್ನು ಮುದ್ರಿಸಲು ಮೂರು ಗಂಟೆಗಳ ಅವಧಿಯನ್ನು ಗೊತ್ತುಮಾಡಿದ್ದಾಯಿತು. ತಟ್ಟೆಯೆಂದ ಮೇಲೆ ಹಿಂಬದಿಗೂ ಏನಾದರೊಂದು ಬೇಕಲ್ಲ! ಮುಖ್ಯ ಹಾಡಿಗೇ ಹೊತ್ತೆಲ್ಲ ಸಂದಿತ್ತು. ಕೊನೆಯ ಹತ್ತು ನಿಮಿಷಗಳಲ್ಲಿ ಡಗ್ಲಾಸನೇ ಬರೆದುಕೊಂಡು ಬಂದಿದ್ದ ಒಂದು ಸಾಹಿತ್ಯಕ್ಕೆ ರಾಗ ಹೊಂದಿಸಿ ಹಿಂಬದಿಯನ್ನು ತುಂಬಿದರು. 'ಕುಂಗ್ ಫೂ ಫೈಟಿಂಗ್' ಎಂಬ ಆ ಹಿಂಬದಿಯ ಹಾಡೇ ಮುಂಬದಿಗೆ ಬಂದು, ಅದೇ ವರ್ಷ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲನೆಯ ಸ್ಥಾನವನ್ನೇರಿತು. ಎರಡು ವರ್ಷಗಳ ತರುವಾಯ ಟೀನಾ ಚಾರ್ಲ್ಸ್ ಎಂಬಾಕೆಗೆ ಆತ ಸಿದ್ಧಪಡಿಸಿಕೊಟ್ಟ ಹಾಡೂ ಬ್ರಿಟನ್ನಿನಲ್ಲಿ ಮೊದಲನೆಯದಾಯಿತು. ಡಿಸ್ಕೋ ಎಂಬ ಹೊಸ ಕುಣಿತದ ಗತ್ತನ್ನು ಲಂಡನ್ನಿನಲ್ಲಿ ಕಡೆದು ನಿಲ್ಲಿಸಿದವರಲ್ಲಿ ಈ ಕೊಡವನೂ ಒಬ್ಬ.

ಡಿಸ್ಕೋ ಎಂದರೆ ಅದೇನು ಮಹಾ ರಹಸ್ಯವಲ್ಲ. ನಾಲ್ಕು ಎಣಿಕೆಯ ಆವರ್ತ. ಪ್ರತಿಯೊಂದು ಎಣಿಕೆಗೂ ದೊಡ್ಡ ಡ್ರಮ್ಮಿನ ಒಂದು ಗುದ್ದು, ಗುದ್ದು ಗುದ್ದುಗಳ ನಡುವೆ ಕಂಚಿನ ತಾಳದ ಒಂದು 'ಚ್ಛೆ'. ನಿಮಿಷಕ್ಕೆ ಸುಮಾರು 120 ಗುದ್ದುಗಳು. ಚುರುಕಾಗಿ ನಡೆಯುವ ಮನುಷ್ಯನ ಹೆಜ್ಜೆಯ ವೇಗ. ಇದರಲ್ಲಿ ಎಡವಲು ಅವಕಾಶವೇ ಇಲ್ಲ. ಭರತನಾಟ್ಯಕ್ಕೆ ಹತ್ತು ವರ್ಷ ಬೇಕು, ಯಕ್ಷಗಾನದ ಹೆಜ್ಜೆಗೆ ಒಂದು ಮಳೆಗಾಲವಾದರೂ ಬೇಕು. ಡಿಸ್ಕೋಗೆ ಎರಡು ಕಾಲಿದ್ದರೆ ಸಾಕು. ಶಾಸ್ತ್ರಜ್ಞರು ಅದನ್ನು ಹೀಗಳೆದುದೂ, ಜನ ಅದನ್ನು ಅಪ್ಪಿಕೊಂಡುದೂ ಒಂದೇ ಕಾರಣಕ್ಕೆ. ಅಷ್ಟಮಿಯ ಮರುದಿನ ಉಡುಪಿಯ ಬೀದಿಯಲ್ಲಿ ಹುಲಿವೇಷದ ತಾಸೆ ಮೊಳಗಿದಾಗ ಅಂಗಡಿಯ ಜಗಲಿಯಲ್ಲಿ ನಿಂತ ಗುಮಾಸ್ತನ ಕಾಲೂ ತಾನಾಗಿ ಕುಟ್ಟತೊಡಗುವುದನ್ನು ಕಂಡವರಿಗೆ ಇದರ ಮರ್ಮ ಹೊಸದೆನಿಸದು.

ಇನ್ನು ಕಥೆಗೆ ಎರಡನೆಯ ಬೆಂಗಳೂರಿಗನ ಪ್ರವೇಶ. ನಟ, ನಿರ್ಮಾಪಕ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದು 1939ರಲ್ಲಿ, ಬೆಂಗಳೂರಿನಲ್ಲಿ. 2009ರಲ್ಲಿ ಕಣ್ಮುಚ್ಚಿದ್ದೂ ಅಲ್ಲಿಯೇ. 'ಕುರ್ಬಾನಿ' ಚಿತ್ರದ ಸಂಗೀತವನ್ನು ಕಲ್ಯಾಣಜೀ–ಆನಂದಜೀ ಜೋಡಿಗೆ ವಹಿಸಿಯೂ, ನೃತ್ಯಗೃಹದ ಒಂದು ಹಾಡಿಗೆ ಮಾತ್ರ ಆತನಿಗೆ ಲಂಡನ್ನಿನ ಹದವೇ ಬೇಕಾಯಿತು. ತನ್ನೂರಿನವನನ್ನು ಕೇಳಿದ. ಗೀತಕಾರ ಇಂದೀವರ್ ಹಿಂದಿಯಲ್ಲಿ ಬರೆದರು. ಬಿದ್ದು ರಾಗ ಕಟ್ಟಿದ. ಹಾಡುವವರು ಯಾರು? ಲತಾ, ಆಶಾ ಸೋದರಿಯರ ಕಂಠಗಳಲ್ಲದೆ ಮೂರನೆಯ ಕಂಠಕ್ಕೆ ಹಿಂದೀ ಚಿತ್ರರಂಗದಲ್ಲಿ ಆಗ ಜಾಗವೇ ಇಲ್ಲವೆನ್ನಬಹುದಾಗಿದ್ದ ಕಾಲ. ಸಿಕ್ಕಿದವಳು ಲಂಡನ್ನಿನಲ್ಲಿ ಓದುತ್ತಿದ್ದ ಕರಾಚಿಯ ಹುಡುಗಿ, 1965ರಲ್ಲಿ ಹುಟ್ಟಿದ ನಾಜಿಯಾ ಹಸನ್. 1980ರಲ್ಲಿ ಚಿತ್ರ ತೆರೆಗೆ ಬಂದಾಗ ಆಕೆಗೆ ಹದಿನೈದು. ಮರುವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕಿಯ ಬಿರುದು ದೊರೆತದ್ದು ಈ ಶಾಲಾಬಾಲಿಕೆಗೆ.

ಆ ಕಂಠದ ಬಗ್ಗೆ ಸಂಗೀತ ಬಲ್ಲವರು ಆಡಿದ ಮಾತುಗಳು ಮಧುರವಾದವುಗಳಲ್ಲ. ಧ್ವನಿ ತೆಳ್ಳಗೆ, ಅಲ್ಪಸ್ವಲ್ಪ ಮೂಗಿನದು, ಗಮಕವೆಂಬುದಿಲ್ಲ, ಯಂತ್ರದ ಪ್ರಸಾದ—ಎಂದು ಟೀಕೆ. ಒಪ್ಪಬೇಕಾದ ಮಾತೇ. ಅದೇ ಧ್ವನಿಯನ್ನು ಅದರ ಮೇಲೆಯೇ ಇನ್ನೊಮ್ಮೆ ಹೊದಿಸಿ, ಒಬ್ಬಳು ಇಬ್ಬರಾಗಿ ಹಾಡಿದಂತೆ ಕೇಳಿಸುವ ಜಾಣ್ಮೆಯನ್ನು ಬಿದ್ದು ಬಳಸಿದ್ದುಂಟು. ಕಿವಿಗೊಟ್ಟರೆ ಇಂದಿಗೂ ತಿಳಿಯುತ್ತದೆ. ಆದರೆ ಟೀಕಾಕಾರರು ಒಂದಂಶವನ್ನು ಗಮನಿಸಲಿಲ್ಲ. ಅಲ್ಲಿಯವರೆಗೆ ಹಿಂದೀ ಚಿತ್ರಗಳಲ್ಲಿ ಪಾಶ್ಚಾತ್ಯ ಗತ್ತಿನ ಹಾಡೆಂದರೆ ಕ್ಯಾಬರೆ. ಮದ್ಯದ ಬಟ್ಟಲು, ಕಳ್ಳಸಾಗಣೆಯ ಖಳ, ಗರಿಯುಡುಗೆಯ ನರ್ತಕಿ—ಇವುಗಳ ನಡುವೆ ಹೊರಳುವ ಪಳಗಿದ ಧ್ವನಿ ಅದು. ಸಂಸಾರಸ್ಥರ ಮನೆಯಲ್ಲಿ ಆ ಹಾಡು ಬಂದರೆ ರೇಡಿಯೋದ ಕಿವಿ ಹಿಂಡುವ ಕೈ ಒಂದು ಸದಾ ಸಿದ್ಧವಾಗಿರುತ್ತಿತ್ತು. ನಾಜಿಯಾಳ ಧ್ವನಿಯಲ್ಲಿ ಆ ಪಳಗಿದ ಮಾದಕತೆ ಇರಲಿಲ್ಲ. ಅದು ಪಕ್ಕದ ಮನೆಯ ಹುಡುಗಿ ಸ್ನಾನದ ಮನೆಯಲ್ಲಿ ಗುನುಗಿಕೊಂಡಂತಿತ್ತು. ಅಪರಿಪೂರ್ಣತೆಯೇ ಅದರ ರಹದಾರಿ.

ಹಾಗಿದ್ದೂ 'ಕುರ್ಬಾನಿ'ಯ ಹಾಡಿಗೆ ಪರದೆಯ ಮೇಲೆ ಕುಣಿದವಳು ಜೀನತ್ ಅಮಾನ್, ಸ್ಥಳ ನೃತ್ಯಗೃಹವೇ. ರಹದಾರಿಗೆ ಪೂರ್ಣ ಮುದ್ರೆ ಬಿದ್ದದ್ದು ಮುಂದಿನ ವರ್ಷ. 1981ರಲ್ಲಿ ಬಿದ್ದು ನಾಜಿಯಾಳನ್ನೂ ಅವಳ ತಮ್ಮ ಜೋಹೇಬನನ್ನೂ ಕೂರಿಸಿ, ಯಾವ ಚಲನಚಿತ್ರದ ಹಂಗೂ ಇಲ್ಲದೆ ಇಡಿಯ ಒಂದು ತಟ್ಟೆಯನ್ನು ಹೊರತಂದ. ಅದೇ 'ಡಿಸ್ಕೋ ದೀವಾನೆ'. ಅಕ್ಕನಿಗೆ ಹದಿನಾರರ ಪ್ರಾಯ, ತಮ್ಮ ಅದಕ್ಕೂ ಕಿರಿಯ. ಕೆಲವು ರಾಗಗಳು ಆ ಹುಡುಗನವೇ. ಕಥೆಯಿಲ್ಲ, ನಾಯಕನಿಲ್ಲ, ನರ್ತಕಿಯಿಲ್ಲ, ಮದ್ಯದ ಬಟ್ಟಲಿಲ್ಲ. ಇದ್ದದ್ದು ಒಂದು ಮನೆಯ ಇಬ್ಬರು ಮಕ್ಕಳ ಹಾಡು, ನಾಲ್ಕು ಎಣಿಕೆಯ ಗುದ್ದು. ಭಾರತದ ಮಧ್ಯಮವರ್ಗದ ತಂದೆತಾಯಿಗಳಿಗೆ ಇದಕ್ಕಿಂತ ನಿರುಪದ್ರವಿಯಾದ ಕುಣಿತವನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಗಿದ್ದಿರಬೇಕು. ರಕ್ಷಾಬಂಧನದ ದಿನವೂ ಬೇಕಾದರೆ ಹಾಕಿ ಕೇಳಬಹುದಾದ ಡಿಸ್ಕೋ!

ಇದು ಬೇಕೆಂದೇ ಹೂಡಿದ ವ್ಯಾಪಾರದ ಹೂಟವೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕು. ಮಕ್ಕಳು ಮೊದಲೇ ಜೊತೆಯಲ್ಲಿ ಹಾಡುತ್ತಿದ್ದವರು; ಬಿದ್ದುವಿಗೆ ಬೇಕಾಗಿದ್ದುದು ಹೊಸ ಕಂಠ. ಆದರೆ ಫಲವನ್ನು ನೋಡಿದರೆ ಚಾಣಕ್ಯನೂ ತಲೆದೂಗಬೇಕು. ಮುಂಬಯಿಯೊಂದರಲ್ಲೇ ಒಂದೇ ದಿನಕ್ಕೆ ಒಂದು ಲಕ್ಷ ಪ್ರತಿ ಹೋಯಿತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಹದಿನಾಲ್ಕು ದೇಶಗಳ ಪಟ್ಟಿಗಳಲ್ಲಿ ಏರಿತು, ಬ್ರೆಜಿಲಿನವರನ್ನೂ ಕುಣಿಸಿತು ಎಂದೂ ಹೇಳುವರು. ಮಾರುವವರು ಕೊಟ್ಟ ಲೆಕ್ಕಕ್ಕೆ ರೂಪಾಯಿಗೆ ನಾಲ್ಕಾಣೆ ವಟಾವು ಕಳೆದರೂ ಉಳಿಯುವುದು ದೊಡ್ಡ ಮೊತ್ತವೇ. ಸಿನಿಮಾದ ಬಾಲ ಹಿಡಿಯದೆ ಹಾಡೊಂದು ಈ ದೇಶದಲ್ಲಿ ಕುಣಿದಾಡಬಲ್ಲದೆಂದು ಇಷ್ಟು ಜೋರಾಗಿ ಸಾರಿದ ತಟ್ಟೆ ಅದಕ್ಕೂ ಮುಂಚೆ ಬಂದಿರಲಿಲ್ಲ.

ಕರಾವಳಿಗೆ ಅದು ಬಂದದ್ದು ತಟ್ಟೆಯಾಗಿ ಅಲ್ಲ, ಕ್ಯಾಸೆಟ್ಟಾಗಿ. ಉಡುಪಿ ಸೀಮೆಯ ಮನೆಗಳಿಂದ ಗಂಡುಮಕ್ಕಳು ಮುಂಬಯಿಯ ಹೋಟೆಲುಗಳಿಗೆ, ಬ್ಯಾಂಕುಗಳಿಗೆ, ಕೊಲ್ಲಿಯ ನಾಡುಗಳಿಗೆ ಹೋಗಿದ್ದ ಕಾಲ. ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರಿನ ಶೀಶೆ, ಬಣ್ಣದ ಸೀರೆ, ಇವುಗಳೊಡನೆ ಒಂದು 'ಟೂ-ಇನ್-ಒನ್' ಇಲ್ಲದಿದ್ದರೆ ಬಂದದ್ದೇ ಅಪೂರ್ಣ. ಆ ಯಂತ್ರವನ್ನು ಚಾವಡಿಯಲ್ಲಿ, ಕಸೂತಿಯ ಹೊದಿಕೆಯ ಕೆಳಗೆ, ಮಕ್ಕಳ ಕೈಗೆಟುಕದಂತೆ ಇಡುತ್ತಿದ್ದರು. ಬೆಳಗ್ಗೆ ಅದರಲ್ಲಿ ಸುಪ್ರಭಾತ. ಸಂಜೆ, ಹಿರಿಯರು ದೇವಸ್ಥಾನಕ್ಕೆ ಹೋದ ಮೇಲೆ, ಕರಾಚಿಯ ಅಕ್ಕ ತಮ್ಮಂದಿರು.

ಕನ್ನಡದ ಓದುಗರು ಇಲ್ಲಿ ಒಂದು ಸಾಮ್ಯವನ್ನು ಗಮನಿಸಬಹುದು. ಇದಕ್ಕೂ ಮೂರು ವರ್ಷ ಮುಂಚೆ, 1978ರಲ್ಲಿ, ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದಿತ್ತು. ಅದೂ ಸಿನಿಮಾದ ನೆರವಿಲ್ಲದೆ ಮನೆಮನೆಗೆ ನಡೆದುಹೋದ ಸಂಗೀತ. ಕವಿತೆಯನ್ನು ಪುಸ್ತಕದಿಂದ ಬಿಡಿಸಿ ಅಡುಗೆಮನೆಯವರೆಗೆ ತಂದ ಪುಣ್ಯ ಅದರದು. ಒಂದೇ ಯಂತ್ರ ಭಾವಗೀತೆಯನ್ನೂ ಡಿಸ್ಕೋವನ್ನೂ ಒಳಗೆ ಬಿಟ್ಟಿತು. ಆದರೆ ಭಾವಗೀತೆಗೆ ತಂದೆ ಸ್ವಾಗತ ಕೋರಿದರೆ, ಡಿಸ್ಕೋಗೆ ಬಾಗಿಲು ತೆರೆದವರು ಮಕ್ಕಳು. ಮೊದಲನೆಯದನ್ನು ಕುಳಿತು ಕೇಳಬೇಕು; ಎರಡನೆಯದಕ್ಕೆ ಕುಳಿತಿರಲು ಆಗದು.

ಅದರಲ್ಲಿಯೂ ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಭೂತಕೋಲವಿರಲಿ, ಯಕ್ಷಗಾನವಿರಲಿ, ಹುಲಿವೇಷವಿರಲಿ, ಕರಾವಳಿಯಲ್ಲಿ ಕುಣಿಯುವ ಅಧಿಕಾರ ಬಹುಮಟ್ಟಿಗೆ ಗಂಡಸರದು. ಹೆಣ್ಣಿನ ವೇಷವನ್ನು ಕಟ್ಟುವವನೂ ಗಂಡಸೇ. ಕಲ್ಯಾಣಪುರದ ಕ್ರೈಸ್ತ ಮನೆಯ ಹುಡುಗಿ ಮದುವೆಯಲ್ಲಿ ಬಾಯ್ಲಾ ಕುಣಿಯುತ್ತಿದ್ದಾಗ, ಅವಳೊಡನೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿ ಉಡುಪಿಯ ತನ್ನ ಮನೆಯಲ್ಲಿ ಕಾಲು ಮಡಿಸಿ ಕುಳಿತು ದೇವರನಾಮ ಹಾಡಬೇಕಾಗಿತ್ತು. ಎಂಬತ್ತರ ದಶಕದ ಶಾಲಾ ವಾರ್ಷಿಕೋತ್ಸವಗಳಲ್ಲಿ 'ಡಿಸ್ಕೋ ನೃತ್ಯ' ಎಂಬ ಹೊಸ ಬಾಬು ಕಾರ್ಯಕ್ರಮಪಟ್ಟಿಯನ್ನು ಹೊಕ್ಕಿತು. ಆ ಗೆಳತಿಯರಿಬ್ಬರೂ ಒಂದೇ ವೇದಿಕೆಯ ಮೇಲೆ, ಮಿರುಗುವ ಕಾಗದ ಮೆತ್ತಿದ ಉಡುಪು ತೊಟ್ಟು, ಕುಣಿದರು. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರು ಗೊಣಗಿದರು, ಎದ್ದು ಹೋಗಲಿಲ್ಲ.

ಚಿತ್ರರಂಗದವರು ಮಾತ್ರ ಈ ಪಾಠವನ್ನು ತಲೆಕೆಳಗಾಗಿ ಕಲಿತರು. ಸಿನಿಮಾ ಬೇಡವೆಂದು ಹೊರಟ ಕುಣಿತವನ್ನು ಸಿನಿಮಾ ಬಲೆ ಬೀಸಿ ಹಿಡಿಯಿತು. 1982ರ ಕೊನೆಗೆ ಬಪ್ಪಿ ಲಾಹಿರಿಯ ಸಂಗೀತದ 'ಡಿಸ್ಕೋ ಡ್ಯಾನ್ಸರ್' ಬಂತು; ಆಮೇಲೆ ಮಿರುಗುದೀಪದ ಚೆಂಡು ತೂಗದ ಚಿತ್ರವೇ ವಿರಳ. ಕನ್ನಡದವರು ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ ಎನ್ನುವುದನ್ನು ಮರೆಯಬಾರದು. 'ಡಿಸ್ಕೋ ದೀವಾನೆ' ಬಂದ 1981ರಲ್ಲಿಯೇ ಶಂಕರನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಬಂತು. ಇಳಯರಾಜರ ರಾಗಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ದನಿಗೊಟ್ಟ, ವೇದಿಕೆಯ ಮೇಲೆ ನಾಯಕ ಹಾಡಿ ಕುಣಿಯುವ ಅದರ ಗೀತೆ ಇಂದಿಗೂ ಕನ್ನಡಿಗರ ಸಂತೋಷಕೂಟಗಳ ಅಧಿಕೃತ ಗೀತೆಯಂತಿದೆ. ಬಿದ್ದುವಿನ ಗುದ್ದಿಗಿಂತ ಅದರಲ್ಲಿ ರಾಗದ ಸಿರಿ ಹೆಚ್ಚು ಎಂದರೆ ಅದು ತಾಯ್ನುಡಿಯ ಪಕ್ಷಪಾತವಷ್ಟೇ ಅಲ್ಲ. ಆದರೆ ಕನ್ನಡದ ಒಂದು ತಂಡ ಸಿನಿಮಾದ ಹೊರಗೆ ನಿಂತು, ತನ್ನ ಮೊದಲ ಸಂಕಲನದಿಂದಲೇ ದೇಶದ ಗಮನ ಸೆಳೆಯಲು 2008ರವರೆಗೆ, ಮೈಸೂರಿನ ರಘು ದೀಕ್ಷಿತರವರೆಗೆ ಕಾಯಬೇಕಾಯಿತು. ಅವರು ಕೂಡ ಕುಣಿಸಿದ್ದು ಶಿಶುನಾಳ ಷರೀಫರ ಪದಗಳಿಗೆ.

ಅಕ್ಕ ತಮ್ಮಂದಿರ ಮುಂದಿನ ದಾರಿ ಬೇಗ ಹೇಳಿ ಮುಗಿಸಬಹುದಾದದ್ದು. 1982ರಲ್ಲಿ 'ಬೂಮ್ ಬೂಮ್'. ಅದರ ಹಾಡುಗಳನ್ನು ಹೊತ್ತ 'ಸ್ಟಾರ್' ಚಿತ್ರ ಮುಗ್ಗರಿಸಿದರೂ ಹಾಡುಗಳು ನಿಂತವು. 1984ರಲ್ಲಿ 'ಯಂಗ್ ತರಂಗ್', 1987ರಲ್ಲಿ 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ'. ಯಾವುದೂ ಮೊದಲ ತಟ್ಟೆಯ ಹಾಗೆ ಮನೆಯನ್ನು ಅಲುಗಿಸಲಿಲ್ಲ. ನಾಜಿಯಾ ಲಂಡನ್ನಿನಲ್ಲಿ ಓದಿಕೊಂಡಳು, ಕೆಲಕಾಲ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದಳು, ಹಾಡುವುದನ್ನು ಕೈಬಿಟ್ಟಳು.

ನಿಂತು ನೋಡಬೇಕಾದ ಸಂಗತಿ ಇನ್ನೊಂದಿದೆ. 1981ರಲ್ಲಿ ಆ ತಟ್ಟೆ ಭಾರತದಲ್ಲಿ ಮಾರಾಟವಾದಾಗ, ಎರಡು ದೇಶಗಳ ಯುದ್ಧ ಮುಗಿದು ಹತ್ತೇ ವರ್ಷಗಳಾಗಿದ್ದವು. ಆದರೂ ಕರಾಚಿಯ ಹುಡುಗಿಯ ಹಾಡನ್ನು ಏಕೆ ಕೇಳಬೇಕೆಂಬ ಪ್ರಶ್ನೆ ಚಾವಡಿಯ ಟೂ-ಇನ್-ಒನ್‌ನ ಮುಂದೆ ಏಳಲಿಲ್ಲ. ಗಡಿಯ ಗೊಡವೆ ಕುಣಿಯುವ ಕಾಲಿಗೆ ಹೊಳೆದಿರಲಿಲ್ಲ. ಅವಳ ಸ್ವಂತ ನಾಡಿನಲ್ಲೇ, ಜನರಲ್ ಜಿಯಾ ಉಲ್ ಹಕ್ಕರ ಆಳ್ವಿಕೆಯಲ್ಲಿ, ಹೆಣ್ಣುಮಗಳು ಪರದೆಯ ಮೇಲೆ ಹಾಡಿ ಕುಣಿಯುವುದರ ಬಗ್ಗೆ ಬಿಗಿಯಿತ್ತು. ಹದಿನಾಲ್ಕು ವರ್ಷಗಳಾದ ಮೇಲೆ ಬಿದ್ದು ಇನ್ನೊಂದು ಹಾಡನ್ನು ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ. ಹೆಸರು 'ಮೇಡ್ ಇನ್ ಇಂಡಿಯಾ'. ತನ್ನ ದೇಶದವರ ಮನಸ್ಸು ನೊಂದೀತೆಂದು ನಾಜಿಯಾ ಒಲ್ಲೆನೆಂದಳು. ಅಲೀಷಾ ಚಿನಾಯ್ ಹಾಡಿದಳು. 1995ರಲ್ಲಿ ಅದು ಭಾರತವನ್ನೆಲ್ಲ ತುಂಬಿತು. ಹದಿನಾರರಲ್ಲಿ ಗಡಿಯನ್ನು ಲೆಕ್ಕಿಸದೆ ಹಾಡಿದ ಹುಡುಗಿ ಮೂವತ್ತರಲ್ಲಿ ಅದನ್ನು ಲೆಕ್ಕಿಸಬೇಕಾಗಿ ಬಂದದ್ದು ಅವಳೊಬ್ಬಳ ದುರದೃಷ್ಟವೇ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಬಿದ್ದು 2010ರಲ್ಲಿ ಬರೆದ ತನ್ನ ಆತ್ಮಕಥೆಗೂ ಅದೇ ಹಾಡಿನ ಹೆಸರನ್ನಿಟ್ಟ.

2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಾಜಿಯಾ ಹಸನ್ ಶ್ವಾಸಕೋಶದ ಅರ್ಬುದರೋಗದಿಂದ ತೀರಿಕೊಂಡಳು. ವಯಸ್ಸು ಮೂವತ್ತೈದು. ಹನ್ನೆರಡು ವರ್ಷಗಳ ಬಳಿಕ 'ಸ್ಟೂಡೆಂಟ್ ಆಫ್ ದಿ ಇಯರ್'ಗೆ ಸಂಗೀತ ಕೂಡಿಸಿದ ವಿಶಾಲ್–ಶೇಖರ್ ಜೋಡಿ—ರಘು ದೀಕ್ಷಿತರ ಮೊದಲ ಸಂಕಲನವನ್ನು ಹೊರತಂದವರೂ ಇವರೇ—ಹಳೆಯ ರಾಗವನ್ನು ಮತ್ತೆ ಎತ್ತಿಕೊಂಡರು. ಹೊಸ ಗಾಯಕರಿಂದ ಹೊಸ ಸಾಲುಗಳನ್ನು ಹಾಡಿಸಿದರು, ಗುದ್ದನ್ನು ಇನ್ನಷ್ಟು ದಪ್ಪಗೊಳಿಸಿದರು. ನಡುವೆ ನಾಜಿಯಾಳ ಧ್ವನಿಯನ್ನು ಹಳೆಯ ಮುದ್ರಣದಿಂದ ಎತ್ತಿ ಹಾಗೆಯೇ ಇಟ್ಟರು. ಕಲ್ಯಾಣಪುರದ ಮದುವೆಯ ಎಳೆಯರು ಚಿತ್ರದ ಹಾಡೆಂದು ಹೇಳುವ ಹಾಡಿನಲ್ಲಿ ತೆಳ್ಳಗೆ, ತುಸು ಮೂಗಿನಲ್ಲಿ ಕೇಳಿಬರುವುದು ಆ ಹದಿನಾರರ ದನಿಯೇ.